ಪಂಚಮಿಗೆ ತವರಿಗೆ ಬಂದವರ ಕಣ್ಣು ನೋಡಿದ್ದು

ಈ ಸಲ ಪಂಚಮಿ ಮರುದಿನ ಇಂಡಿ ಕಡೆಯ ಒಂದು ಮನೆಯಲ್ಲಿ ಹದಿನಾಲ್ಕು ಜನರ ಕಣ್ಣು ನೋಡಿದೆ. ಆರು ವಾರದ ಕೂಸಿನ ಬಲಗಣ್ಣಿನಲ್ಲಿ ಪುಟ್ಟ ಗಡ್ಡೆ ಸಿಕ್ಕಿತು. ಲೇಸರ್ ಮಾಡಿಸಿದೆವು. ಕಣ್ಣು ಉಳಿದಿದೆ. ಅದರ ಅಣ್ಣನದು ಎರಡೂ ಕಣ್ಣಿಗೆ ಬಂದ ರೆಟಿನೋಬ್ಲಾಸ್ಟೋಮಾ, ಸಣ್ಣ ಮಕ್ಕಳ ಕಣ್ಣಿನ ಒಳಪರದೆಗೆ ಬರುವ ಕ್ಯಾನ್ಸರ್. ಅವನ ಒಂದು ಕಣ್ಣು ತೆಗೆಯಬೇಕಾಯಿತು.

ಒಂದು ಮಗುವಿಗೆ ಈ ರೋಗ ಬಂದರೆ ಆ ಮನೆಯ ಉಳಿದವರ ಕಣ್ಣೂ ನೋಡಬೇಕು ಎಂದು ಹೊರಟಾಗ, "ಹಳ್ಳಿಯವರು ರೋಗ ಇಲ್ಲದ ಮಕ್ಕಳನ್ನು ಯಾಕೆ ತೋರಿಸ್ತಾರೆ?" ಎಂದು ವಿಜಯಪುರದ ಹಿರಿಯ ಡಾಕ್ಟರೊಬ್ಬರು ಕೇಳಿದ್ದರು. ಮೊದಲೆರಡು ವರ್ಷ ಅವರ ಮಾತೇ ನಿಜವಾಯಿತು. ಹತ್ತು-ಹನ್ನೊಂದು ಮನೆಯವರಿಗೆ ಫೋನ್ ಮಾಡಿದೆ, ಬಂದದ್ದು ಮೂರು ಮನೆಯವರು. ಆಮೇಲೆ ಹೊಳೆಯಿತು: ಅಕ್ಕ-ತಂಗಿಯರೆಲ್ಲ ಮಕ್ಕಳ ಜೊತೆ ಒಂದೇ ಮನೆಯಲ್ಲಿ ಸಿಗುವುದು ಪಂಚಮಿಗೆ ಅಲ್ವಾ? ಕ್ರೂಸರ್ ಬಾಡಿಗೆ ಎರಡೂವರೆ ಸಾವಿರ. ಕಣ್ಣಿನ ಒಳಗೆ ನೋಡಲು ತಲೆಗೆ ಕಟ್ಟುವ ಇಂಡೈರೆಕ್ಟ್ ದೀಪ, ಅದರ ಜೊತೆ ಹಿಡಿಯುವ ಇಪ್ಪತ್ತರ ಲೆನ್ಸ್, ಪಾಪೆ ಹಿಗ್ಗಿಸುವ ಡ್ರಾಪ್ಸ್, ರಕ್ತದ ಟ್ಯೂಬು. ಇಷ್ಟೇ ಸಾಮಾನು.

ದೊಡ್ಡವರ ಕಣ್ಣು ಬಿಡಬೇಡಿ. ಇಂಡಿಯ ಆ ಮನೆಯ ಅಜ್ಜನ ಎಡಗಣ್ಣು ಮೊದಲಿಂದ ಮಂದ. ಸಣ್ಣವರಿದ್ದಾಗ ಜೋಳದ ದಂಟು ಚುಚ್ಚಿತ್ತು ಎಂದೇ ನಂಬಿದ್ದರು. ಒಳಗೆ ನೋಡಿದರೆ ಸುಣ್ಣದಂಥ ಕಲೆ, ತಾನಾಗಿ ಒಣಗಿದ ಗಡ್ಡೆಯದು. ಮಗಳ ಕಣ್ಣಲ್ಲೂ ಅಂಥದ್ದೇ ಚಿಕ್ಕದೊಂದು. ಆಗ ಅಜ್ಜಿ ಬಾಯಿ ಬಿಟ್ಟರು: "ಸಾಹೇಬ್ರ, ನನ್ನ ಮೊದಲನೇ ಕೂಸಿನ ಕಣ್ಣೂ ಬೆಕ್ಕಿನ ಕಣ್ಣಿನಂಗ ಹೊಳೀತಿತ್ತು. ಎರಡು ವರ್ಷಕ್ಕ ಹೋತು." ಊರಲ್ಲಿ ಎಲ್ಲರೂ ಸೋದರಿಕೆ ಮದುವೆಯನ್ನೇ ದೂರುತ್ತಿದ್ದರು. ಈ ರೋಗಕ್ಕೆ ಅದು ಕಾರಣವಲ್ಲ. ಕೆಟ್ಟ ಆರ್‌ಬಿ1 ಜೀನ್ ತಾಯಿ ಅಥವಾ ತಂದೆ ಒಬ್ಬರಿಂದ ಬಂದರೂ ಸಾಕು, ಪ್ರತಿ ಮಗುವಿಗೂ ಅರ್ಧಕ್ಕರ್ಧ ಸಾಧ್ಯತೆ. ಇದನ್ನು ಬೀಗರ ಮುಂದೆ ಹೇಗೆ ಹೇಳುವುದು ಎಂಬುದಕ್ಕೆ ನನ್ನದೇ ಒಂದು ರೀತಿ ಇದೆ. ಅದನ್ನು ಬರೆಯುವುದಿಲ್ಲ, ಜೊತೆಗೆ ಬಂದವರಿಗೆ ತೋರಿಸುತ್ತೇನೆ.

ವಂಶ ಹೇಳುವ ಹೆಳವರನ್ನೂ ಒಮ್ಮೆ ಕೂರಿಸಿಕೊಂಡಿದ್ದೆ. ಏಳು ತಲೆಮಾರು ಹೇಳಿದರು, ಕೇಳಿ ಮೈ ಜುಂ ಎಂದಿತು. ಆದರೆ ಎಲ್ಲ ಗಂಡು ಸಂತತಿ. ಕೊಟ್ಟ ಹೆಣ್ಣುಮಕ್ಕಳ ಮಕ್ಕಳು, ತೊಟ್ಟಿಲಲ್ಲೇ ಹೋದ ಕೂಸುಗಳು ಅದರಲ್ಲಿ ಇರಲಿಲ್ಲ. ಅದಕ್ಕೆ ಅಜ್ಜಿಯರೇ ಬೇಕು. ಈ ರೋಗದ ಕಣ್ಣು ಫೋಟೋದಲ್ಲಿ ಬೆಳ್ಳಗೆ ಹೊಳೆಯುತ್ತದೆಂದು ಮದುವೆ ಆಲ್ಬಮ್‌ಗಳಲ್ಲಿ ಆ ಹೊಳಪು ಹುಡುಕಿದ್ದು ದಂಡವಾಯಿತು. ಮಗು ಓರೆ ನೋಡಿದರೆ ಒಳ್ಳೆಯ ಕಣ್ಣೂ ಫ್ಲ್ಯಾಶ್‌ಗೆ ಬೆಳ್ಳಗೆ ಕಾಣುತ್ತದೆ. ಸುಮ್ನೆ ನಾಲ್ಕು ತಾಯಂದಿರನ್ನು ಹೆದರಿಸಿದೆ.

ಜಾಸ್ತಿ ದುಡ್ಡು ಕಳೆದದ್ದು ಒಂದೇ ಕಣ್ಣಿಗೆ ಬಂದಿದ್ದ ಹುಡುಗಿಯ ಕೇಸಿನಲ್ಲಿ. ಜೀನ್ ಪರೀಕ್ಷೆಗೆ ಬರೀ ರಕ್ತ ಕಳಿಸಿದೆ. ಏನೂ ಇಲ್ಲ ಎಂದು ವರದಿ ಬಂತು. ತೆಗೆದ ಕಣ್ಣನ್ನು ಪೂರ್ತಿ ಫಾರ್ಮಲಿನ್‌ಗೆ (ಕೊಳೆಯದಂತೆ ಇಡುವ ದ್ರಾವಣ) ಹಾಕಿಬಿಟ್ಟಿದ್ದೆ, ಗಡ್ಡೆಯ ತಾಜಾ ಚೂರು ಇಡಲಿಲ್ಲ. ಗಡ್ಡೆಯ ಜೀನ್‌ನಲ್ಲಿ ಯಾವ ದೋಷ ಇದೆ ಎಂದು ನೋಡಿ ರಕ್ತದ ಜೊತೆ ಹೋಲಿಸಲು ಏನೂ ಉಳಿಯಲಿಲ್ಲ. ಹದಿನೆಂಟು ಸಾವಿರದಷ್ಟು ಹೋಯಿತು, ಅವಳ ತಮ್ಮನಿಗೆ ಇವತ್ತಿಗೂ ಪರೀಕ್ಷೆ ತಪ್ಪಿಲ್ಲ. ಆ ಹುಡುಗಿಯ ಅಪ್ಪ ಹಮಾಲಿ ಮಾಡುವವರು. ಈಗ ತಾಜಾ ಚೂರು ಹೇಗೆ ಕಳಿಸಬೇಕೆಂದು ಕೇಳಲು ಆಪರೇಷನ್‌ಗೆ ಮೊದಲೇ ಲ್ಯಾಬಿಗೆ ಫೋನ್ ಮಾಡುತ್ತೇನೆ.

ಜೀನ್ ಪರೀಕ್ಷೆಗೆ ಮೊದಲು ಕಳಿಸಬೇಕಾದದ್ದು ರೋಗ ಬಂದ ಮಗುವಿನದೇ ರಕ್ತ. ಜೀನ್‌ನಲ್ಲಿ ಕೆಟ್ಟ ಜಾಗ ಯಾವುದೆಂದು ಗೊತ್ತಾದ ಮೇಲೆ ಉಳಿದವರ ಪರೀಕ್ಷೆಗೆ ತಲಾ ಮೂರು ಸಾವಿರದ ಆಸುಪಾಸು. ಅರಿವಳಿಕೆ ಕೊಟ್ಟು ಒಮ್ಮೆ ಕಣ್ಣು ನೋಡಲು ನಮ್ಮಲ್ಲಿ ನಾಲ್ಕೈದು ಸಾವಿರ, ಸಣ್ಣ ಮಗುವಿಗೆ ಅದು ಹತ್ತಾರು ಸಲ ಬೇಕು. ಇಂಡಿಯ ಆ ಮನೆಯಲ್ಲಿ ಐದು ಮಕ್ಕಳ ರಕ್ತದಲ್ಲಿ ಆ ದೋಷ ಇರಲಿಲ್ಲ. ಅವರ ತಾಯಂದಿರಿಗೆ ನಾನೇ ಫೋನ್ ಮಾಡಿ ಇನ್ನು ಬರುವುದು ಬೇಡ ಎಂದೆ. ಒಬ್ಬಾಕೆ ಫೋನಿನಲ್ಲೇ ಅತ್ತುಬಿಟ್ಟರು. ಕೂಸನ್ನು ಮಾತ್ರ ಮೂರು ವಾರಕ್ಕೊಮ್ಮೆ ಕರೆಸುತ್ತಿದ್ದೇನೆ.