ವಿದೇಶದಲ್ಲಿದ್ದೇ ಕೊಡಗಿನ ಗ್ರಂಥಾಲಯಕ್ಕೆ ಇಂಟರ್ನ್ ಆಗುವ ಬಗೆ

ಬ್ರಿಟನ್ನಿನಲ್ಲಿ ಓದುತ್ತ, ದುಡಿಯುತ್ತ, ಮಡಿಕೇರಿಯ ಕಾಲೇಜು ಗ್ರಂಥಾಲಯವೊಂದಕ್ಕೆ ದೂರದಿಂದಲೇ ಇಂಟರ್ನ್ ಆಗಬಯಸುವವರು ಅರ್ಜಿಗೆ ಮೊದಲು ವೀಸಾದ ಷರತ್ತುಗಳನ್ನು ಓದಬೇಕು. ಅಲ್ಲಿ ಪದವಿ ವಿದ್ಯಾರ್ಥಿಗಳಿಗೆ ತರಗತಿಗಳ ಅವಧಿಯಲ್ಲಿ ಸಾಮಾನ್ಯವಾಗಿ ವಾರಕ್ಕೆ 20 ಗಂಟೆಯಷ್ಟೇ ದುಡಿಯಲು ಅವಕಾಶವಿದ್ದು, ಸಂಬಳವಿಲ್ಲದ ಕೆಲಸವೂ ಆ ಲೆಕ್ಕಕ್ಕೆ ಸೇರುವುದರಿಂದ, ಅಂಗಡಿಯಲ್ಲಿ 14 ಗಂಟೆ ದುಡಿಯುವವರು ಗ್ರಂಥಾಲಯಕ್ಕೆ ಆರು ಗಂಟೆಗಿಂತ ಹೆಚ್ಚು ಒಪ್ಪಿಕೊಳ್ಳಬಾರದು. ವಿಶ್ವವಿದ್ಯಾಲಯದ ಸಲಹೆಯನ್ನು ಬರಹದಲ್ಲೇ ಪಡೆಯಿರಿ.

ಗ್ರಂಥಪಾಲಕರಿಗೆ ಬರೆಯುವಾಗ ‘ಯಾವ ಕೆಲಸವಾದರೂ ಸರಿ’ ಎನ್ನಬೇಡಿ. 50 ಹಳೆಯ ಪುಸ್ತಕಗಳ ಶೀರ್ಷಿಕೆ ಪುಟದ ಫೋಟೊ ಕಳುಹಿಸಿದರೆ ಗ್ರಂಥಾಲಯಗಳು ಪುಸ್ತಕಗಳ ಪಟ್ಟಿ ಇಡಲು ಬಳಸುವ ಕೋಹಾ ತಂತ್ರಾಂಶಕ್ಕೆ ಹೊಂದುವ ಸೂಚಿ ಸಿದ್ಧಪಡಿಸುತ್ತೇನೆ ಎಂದು ತಿಳಿಸಿ. ಅವರಿಗೆ ಒಪ್ಪಿಗೆ ಕೊಡುವುದು ಸುಲಭವಾಗುತ್ತದೆ. ಹಳೆಯ ಇಂಗ್ಲಿಷ್ ಪುಸ್ತಕಗಳಲ್ಲಿ ಮಡಿಕೇರಿಯು ‘ಮರ್ಕಾರ’ ಎಂದೂ ಕೊಡಗು ‘ಕೂರ್ಗ್’ ಎಂದೂ ಅಚ್ಚಾಗಿರುತ್ತದೆ. ಎರಡೂ ರೂಪಗಳನ್ನು ನಮೂದಿಸದಿದ್ದರೆ, ಕಪಾಟಿನಲ್ಲೇ ಇರುವ ಪುಸ್ತಕ ಹುಡುಕಿದವರಿಗೆ ಸಿಗುವುದಿಲ್ಲ. ನನ್ನ ದೃಷ್ಟಿಯಲ್ಲಿ ಈ ಕೆಲಸದ ಜೀವ ಇರುವುದೇ ಇಂಥ ಎಚ್ಚರದಲ್ಲಿ.

ಮಡಿಕೇರಿಯ ಸಂಜೆ 4 ಗಂಟೆ ಲಂಡನ್ನಿನಲ್ಲಿ ಚಳಿಗಾಲದ ಬೆಳಿಗ್ಗೆ 10.30, ಬೇಸಿಗೆಯಲ್ಲಿ 11.30, ವಾರದ ಮಾತುಕತೆಗೆ ಅದು ಅನುಕೂಲ. ಆಟಿಯ (ಜುಲೈ–ಆಗಸ್ಟ್) ಮಳೆಯಲ್ಲಿ ಕರೆಂಟು ಹೋಗುವುದು ಸಾಮಾನ್ಯವಾದ್ದರಿಂದ, ಜೂನ್ ಮುಗಿಯುವುದರೊಳಗೆ ಫೋಟೊಗಳನ್ನೆಲ್ಲ ತರಿಸಿಟ್ಟುಕೊಳ್ಳಿ.