ಅರ್ಧ ಮಿಲಿಗ್ರಾಂನ ಕೆಳಗೆ: ಕ್ಲೋನಾಜೆಪಾಮ್ ಇಳಿಸಿದ ನನ್ನ ಅನುಭವ

ಗಾಬರಿಗೋ ನಿದ್ದೆಗೋ ಎಂದು ಬರೆದುಕೊಟ್ಟ ಕ್ಲೋನಾಜೆಪಾಮ್, ಆಲ್‌ಪ್ರಜೋಲಾಮ್, ಲೋರಾಜೆಪಾಮ್ ಮಾತ್ರೆಗಳನ್ನು ತಿಂಗಳುಗಟ್ಟಲೆ ದಿನಾ ನುಂಗಿದವರು ಒಂದೇ ಏಟಿಗೆ ನಿಲ್ಲಿಸಬಾರದು. ಮೆದುಳನ್ನು ತಣ್ಣಗಿಡುವ ಗ್ಯಾಬಾ ವ್ಯವಸ್ಥೆ ಅಷ್ಟರಲ್ಲಿ ಮಾತ್ರೆಗೆ ಒಗ್ಗಿ ತನ್ನ ಚುರುಕು ಕಳೆದುಕೊಂಡಿರುತ್ತದೆ. ಮಾತ್ರೆ ತಟ್ಟನೆ ನಿಂತರೆ ನಡುಕ, ನಿದ್ದೆಗೇಡು, ಕೆಲವರಿಗೆ ಫಿಟ್ಸ್ ಕೂಡ ಬರುತ್ತದೆ. ವೈದ್ಯರು ಬರೆದಷ್ಟೇ ತಗೊಂಡವರಿಗೂ ಇದು ಆಗುತ್ತದೆ, ನಾಚಿಕೆಪಡುವುದಕ್ಕೆ ಏನೂ ಇಲ್ಲ. ಮನೋವೈದ್ಯರ ಜೊತೆ ಕೂತು ದಿನಕ್ಕೆ 1 ಮಿ.ಗ್ರಾಂನಿಂದ ನಾನು ಇಳಿಸಿದ ಕ್ರಮ ಇದು. ನಿಮ್ಮ ಡೋಸ್ ಬೇರೆ ಇರಬಹುದು, ಲೆಕ್ಕ ಹಾಕುವ ರೀತಿ ಬದಲಾಗುವುದಿಲ್ಲ.

ಮೊದಲು ವೈದ್ಯರು. ಹಾಸನದ ವೈದ್ಯಕೀಯ ಕಾಲೇಜು ಆಸ್ಪತ್ರೆಯಲ್ಲಿ ಮನೋವೈದ್ಯ ವಿಭಾಗ ಇದೆ. ಸಕಲೇಶಪುರ, ಮೂಡಿಗೆರೆ, ಕೊಪ್ಪದ ಕಡೆಯವರು ಅಷ್ಟು ದೂರ ಹೋಗುವ ಮೊದಲು ಮನೋಚೈತನ್ಯ ಕಾರ್ಯಕ್ರಮದಲ್ಲಿ ತಾಲ್ಲೂಕು ಆಸ್ಪತ್ರೆಗೆ ಮನೋವೈದ್ಯರು ಯಾವ ಮಂಗಳವಾರ ಬರುತ್ತಾರೆ ಎಂದು ವಿಚಾರಿಸಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್ 14416ಕ್ಕೆ ಕರೆ ಮಾಡಿದರೆ ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ. ಫಿಟ್ಸ್ ಬಂದ ಇತಿಹಾಸ ಇದ್ದವರು, ದಿನಾ ಕುಡಿಯುವವರು, ಗರ್ಭಿಣಿಯರು ಈ ಬರಹ ನೋಡಿಕೊಂಡು ಮನೆಯಲ್ಲಿ ಶುರುಮಾಡಬೇಡಿ. ಅವರ ಕ್ರಮವೇ ಬೇರೆ.

ಆಮೇಲೆ ಮಾತ್ರೆಯ ಹಾಳೆಯನ್ನು ತಿರುಗಿಸಿ ಓದಿ. ನಮ್ಮಲ್ಲಿ ಖಿನ್ನತೆಗೂ ಗಾಬರಿಗೂ ಕೊಡುವ ಎಸ್‌ಸಿಟಾಲೊಪ್ರಾಮ್ 10 ಮಿ.ಗ್ರಾಂ ಜೊತೆ ಕ್ಲೋನಾಜೆಪಾಮ್ 0.5 ಮಿ.ಗ್ರಾಂ ಸೇರಿಸಿದ ಜೋಡಿ ಮಾತ್ರೆ ಧಾರಾಳವಾಗಿ ಓಡುತ್ತದೆ. ಅದನ್ನು ಅರ್ಧ ಮಾಡಿದರೆ ಎರಡು ಔಷಧಿಯೂ ಒಟ್ಟಿಗೇ ಅರ್ಧವಾಗುತ್ತವೆ, ಯಾವುದರಿಂದ ತೊಂದರೆ ಆಯಿತೆಂದು ಯಾರಿಗೂ ಗೊತ್ತಾಗುವುದಿಲ್ಲ. ಎರಡನ್ನೂ ಬೇರೆ ಬೇರೆ ಮಾತ್ರೆಯಾಗಿ ಬರೆಸಿಕೊಳ್ಳುವುದೇ ಮೊದಲ ಹೆಜ್ಜೆ. ಎಸ್‌ಆರ್ ಎಂದಿದ್ದರೆ ಕತ್ತರಿಸಲೇಬಾರದು, ನಿಧಾನವಾಗಿ ಬಿಡುಗಡೆಯಾಗುವ ಏರ್ಪಾಡು ಒಡೆದುಹೋಗುತ್ತದೆ. ಬಾಯಲ್ಲಿ ಕರಗುವ ಎಂಡಿ ಮಾತ್ರೆಯೂ ಬೇಡ. ಮಲೆನಾಡಿನ ಜುಲೈ ತೇವಕ್ಕೆ ಅದರ ತುಂಡು ರಾತ್ರಿ ಕಳೆಯುವಷ್ಟರಲ್ಲಿ ಹಿಟ್ಟಾಗಿರುತ್ತದೆ. ನಡುವೆ ಗೀಟಿರುವ ಸಾದಾ 0.25 ಮಾತ್ರೆ, ಒಂದೇ ಕಂಪನಿಯದು, ಕೊನೆಯವರೆಗೂ.

ಆಲ್‌ಪ್ರಜೋಲಾಮ್, ಅದೇ ಗುಂಪಿನ ಡಯಾಜೆಪಾಮ್ ಎರಡೂ 2014ರ ಮಾರ್ಚ್‌ನಿಂದ ಎಚ್1 ಪಟ್ಟಿಯಲ್ಲಿವೆ. ಅಂಗಡಿಯವರು ಪ್ರತ್ಯೇಕ ಪುಸ್ತಕದಲ್ಲಿ ಬರೆದುಕೊಳ್ಳಬೇಕು, ಚೀಟಿ ಇಲ್ಲದೆ ಕೊಡುವಂತಿಲ್ಲ. ಮಳೆಗಾಲದಲ್ಲಿ ಮರ ಬಿದ್ದು, ಗುಡ್ಡ ಜರಿದು ದಾರಿ ಕಟ್ಟುವ ಊರಿನವರು ಹದಿನೈದು ದಿನದ ಮಾತ್ರೆ ಕೈಯಲ್ಲಿ ಉಳಿಯುವ ಹಾಗೆ ಚೀಟಿ ಬರೆಸಿಕೊಳ್ಳಬೇಕು. ಮಾತ್ರೆ ಮುಗಿದು ಎರಡು ದಿನ ತಪ್ಪಿದರೆ ಅದೂ ತಟ್ಟನೆ ನಿಲ್ಲಿಸಿದ ಹಾಗೇ.

ಇನ್ನು ಲೆಕ್ಕ. ಎಲ್ಲರೂ ಎಡವುವುದು ಇಲ್ಲೇ. 0.25 ಮಾತ್ರೆಯ ಅರ್ಧ ಅಂದರೆ 0.125. 1 ಮಿ.ಗ್ರಾಂನಿಂದ ಅಷ್ಟು ತೆಗೆದರೆ ಇಳಿಕೆ ಶೇ 12.5, ಮೈಗೆ ಅಷ್ಟಾಗಿ ಗೊತ್ತಾಗುವುದಿಲ್ಲ. ಅದೇ ಅರ್ಧವನ್ನು 0.5ರಿಂದ ತೆಗೆದರೆ ಶೇ 25. 0.25ರಿಂದ ತೆಗೆದರೆ ಶೇ 50. ಕತ್ತರಿಸಿದ ತುಂಡು ಅಷ್ಟೇ, ಏಟು ನಾಲ್ಕು ಪಟ್ಟು. ಇಲ್ಲಿವರೆಗೂ ಸಲೀಸಾಗಿ ಬಂದವರು 'ಇನ್ನೇನು ಚೂರೇ ಉಳಿದಿರೋದು' ಎಂದು ಕೊನೆಗೆ ಬೀಳುವುದು ಇದರಿಂದಲೇ. ಹಾಗಾಗಿ ಪ್ರತಿ ಇಳಿಕೆಯನ್ನೂ ಆ ದಿನದ ಡೋಸ್ ಮೇಲೆ ಲೆಕ್ಕ ಹಾಕಬೇಕು, ಶುರುವಿನ ಡೋಸ್ ಮೇಲಲ್ಲ. ಶೇ 5ರಿಂದ 10, ಎರಡರಿಂದ ನಾಲ್ಕು ವಾರಕ್ಕೊಮ್ಮೆ ಎಂಬುದು ಈಗ ವೈದ್ಯರು ಸಾಮಾನ್ಯವಾಗಿ ಒಪ್ಪುವ ವೇಗ. 0.25ರವರೆಗೆ ನನ್ನ ಹಂತಗಳು ಇದಕ್ಕಿಂತ ದೊಡ್ಡವು, ಶೇ 12.5ರಿಂದ 20. ಮೇಲೆ ಅರ್ಧ ತುಂಡು: 1, 0.875, 0.75, 0.625, 0.5. ಕೆಳಗೆ ಕಾಲು ತುಂಡು: 0.4375, 0.375, 0.3125, 0.25. ಒಟ್ಟು ಒಂದು ವರ್ಷದ ಆಚೀಚೆಯ ಕೆಲಸ ಎಂದು ಮೊದಲೇ ಮನಸ್ಸಿಗೆ ಹೇಳಿಕೊಂಡರೆ ಅವಸರ ಇರುವುದಿಲ್ಲ.

0.25ರ ಕೆಳಗೆ ಕೈಯಲ್ಲಿ ಕತ್ತರಿಸಿ ಪ್ರಯೋಜನವಿಲ್ಲ. ಎರಡು ದಾರಿ. ಒಂದು, 0.001 ಗ್ರಾಂ ತೋರಿಸುವ ಸಣ್ಣ ಡಿಜಿಟಲ್ ತಕ್ಕಡಿ. ಹತ್ತು ಮಾತ್ರೆ ಒಟ್ಟಿಗೆ ತೂಗಿ ಸರಾಸರಿ ತೆಗೆಯಿರಿ. 0.25ರ ಒಂದು ಮಾತ್ರೆ, ಔಷಧಿಯ ಜೊತೆಗಿನ ಪುಡಿಯೂ ಸೇರಿ, 120 ಮಿ.ಗ್ರಾಂ ತೂಗಿದರೆ 12 ಮಿ.ಗ್ರಾಂ ಉಜ್ಜಿ ತೆಗೆದಾಗ ಶೇ 10 ಇಳಿಕೆ. ಫ್ಯಾನ್ ಆರಿಸಿ, ಅಲುಗದ ಮೇಜಿನ ಮೇಲಿಟ್ಟು ತೂಗಿ. ಈ ತಕ್ಕಡಿಗಳು ಎರಡು ಮೂರು ಮಿ.ಗ್ರಾಂ ಆಚೀಚೆ ತೋರಿಸುತ್ತವೆ, ಅದಕ್ಕೆ ತಲೆ ಕೆಡಿಸಿಕೊಳ್ಳಬೇಡಿ. ಮೈಯಲ್ಲಿರುವ ಕ್ಲೋನಾಜೆಪಾಮ್ ಅರ್ಧಕ್ಕೆ ಇಳಿಯಲು 30ರಿಂದ 40 ಗಂಟೆ ಬೇಕು, ದಿನದಿಂದ ದಿನದ ಸಣ್ಣ ಏರುಪೇರು ರಕ್ತದಲ್ಲೇ ಸಮವಾಗುತ್ತದೆ. ಆಲ್‌ಪ್ರಜೋಲಾಮ್‌ಗೆ ಈ ಅನುಕೂಲವಿಲ್ಲ. ಅದು ಸುಮಾರು 11 ಗಂಟೆಗೇ ಅರ್ಧವಾಗುವುದರಿಂದ ದಿನದ ಡೋಸನ್ನು ಹಂಚಿ ತಗೊಳ್ಳಬೇಕಾಗುತ್ತದೆ, ಎರಡು ಡೋಸ್ ನಡುವೆಯೇ ಗಾಬರಿ ಏಳುವುದೂ ಉಂಟು. ಪುಡಿ ಮಾಡಿ ನೀರಲ್ಲಿ ಕಲಸಿ ಅಳೆಯುವ ಉಪಾಯವನ್ನು ಯಾರಾದರೂ ಹೇಳಿಯೇ ಹೇಳುತ್ತಾರೆ. ಕ್ಲೋನಾಜೆಪಾಮ್ ನೀರಲ್ಲಿ ಕರಗುವುದಿಲ್ಲ, ತಳದಲ್ಲಿ ಕೂರುತ್ತದೆ. ಮೇಲಿನ ಚಮಚಕ್ಕೂ ಕೆಳಗಿನ ಚಮಚಕ್ಕೂ ಅಜಗಜಾಂತರ.

ಎರಡನೇ ದಾರಿ ವೈದ್ಯರೇ ಡಯಾಜೆಪಾಮ್‌ಗೆ ಬದಲಿಸುವುದು. 0.25 ಕ್ಲೋನಾಜೆಪಾಮ್‌ಗೆ ಸಮ ಎಂದು ಒಂದು ಕೋಷ್ಟಕ 2.5 ಹೇಳಿದರೆ ಇನ್ನೊಂದು 5 ಮಿ.ಗ್ರಾಂ ಹೇಳುತ್ತದೆ. ಈ ವ್ಯತ್ಯಾಸ ಸಣ್ಣದಲ್ಲ, ಅದಕ್ಕೇ ಇದನ್ನು ಸ್ವಂತಕ್ಕೆ ಮಾಡಬಾರದು. ಆದರೆ 2 ಮಿ.ಗ್ರಾಂ ಡಯಾಜೆಪಾಮ್ ಮಾತ್ರೆಯ ಕಾಲು ಭಾಗ ಅಂದರೆ ಅರ್ಧ ಮಿ.ಗ್ರಾಂ. ಅಷ್ಟು ಸಣ್ಣ ಮೆಟ್ಟಿಲು ಕ್ಲೋನಾಜೆಪಾಮ್‌ನಲ್ಲಿ ಕತ್ತರಿಸಿ ಸಿಗುವುದಿಲ್ಲ.

ಇಳಿಸಿದ ಮೊದಲ ಎರಡು ಮೂರು ದಿನ ಏನೂ ಆಗಲಿಲ್ಲವೆಂದು ಮತ್ತೆ ಇಳಿಸಬೇಡಿ. ಕ್ಲೋನಾಜೆಪಾಮ್‌ನ ತೊಂದರೆ ಹಲವು ದಿನ ಬಿಟ್ಟೂ ಬರಬಹುದು. ಕಿವಿಯಲ್ಲಿ ಗುಂಯ್‌ಗುಡುವುದು, ಬೆಳಕು ಚುಚ್ಚುವುದು, ಮಾಂಸಖಂಡ ಅದುರುವುದು: ಇವು ಮೊದಲಿನ ಗಾಬರಿಯಲ್ಲಿ ಇರಲಿಲ್ಲ ಎಂದಾದರೆ ಮಾತ್ರೆ ಇಳಿದದ್ದರ ಲಕ್ಷಣ ಎಂದೇ ಅನುಮಾನಿಸಬೇಕು, ಹಳೇ ಕಾಯಿಲೆ ಮರಳಿತು ಎಂದು ತಕ್ಷಣ ತೀರ್ಮಾನಿಸುವುದು ಬೇಡ. ತಾರೀಕು, ಡೋಸ್, ನಿದ್ದೆಯ ಗಂಟೆ, ಗಾಬರಿಗೆ ಹತ್ತರಲ್ಲಿ ಎಷ್ಟು, ಇಷ್ಟು ಬರೆದಿಟ್ಟರೆ ವೈದ್ಯರಿಗೂ ತಿಳಿಯುತ್ತದೆ. ಕಷ್ಟವಾದರೆ ಅದೇ ಡೋಸ್‌ನಲ್ಲಿ ಇನ್ನೆರಡು ವಾರ ನಿಲ್ಲಿ. ನಡುನಡುವೆ 'ಇವತ್ತೊಂದು ದಿನ' ಎಂದು ಹೆಚ್ಚು ನುಂಗಿದರೆ ಇಳಿಕೆಯೇ ಕದಡುತ್ತದೆ. ಫಿಟ್ಸ್, ಇಲ್ಲದ್ದು ಕಾಣುವುದು, ದಿಕ್ಕು ತಪ್ಪಿದ ಮಾತು ಬಂದರೆ ಕಾಯದೆ 108. ಸಾಯುವ ಯೋಚನೆ ಬಂದರೂ ಅಂದೇ ಆಸ್ಪತ್ರೆ.

ಕಾಫಿ ನಾಡಿನಲ್ಲಿ ಕಾಫಿಯ ಮಾತು ಬಿಡುವಂತಿಲ್ಲ. ಕೆಫೀನ್ ಎದೆಬಡಿತ, ನಡುಕ ಎರಡನ್ನೂ ಏರಿಸುತ್ತದೆ, ನಿದ್ದೆಯನ್ನೂ ತಿನ್ನುತ್ತದೆ. ರೊಬಸ್ಟಾದಲ್ಲಿ ಅರೇಬಿಕಾಕ್ಕಿಂತ ಹೆಚ್ಚುಕಡಿಮೆ ಎರಡು ಪಟ್ಟು ಇರುತ್ತದೆ, ಚಿಕೋರಿಯಲ್ಲಿ ಇಲ್ಲವೇ ಇಲ್ಲ. ತೋಟದ ಮನೆಗಳಲ್ಲಿ ಚಿಕೋರಿ ಎಂದರೆ ಮೂಗು ಮುರಿಯುತ್ತಾರೆ, ಈ ವರ್ಷದ ಮಟ್ಟಿಗೆ ಮುರಿಯುವುದು ಬೇಡ. ಆದರೆ ಮಾತ್ರೆ ಇಳಿಸುವ ವಾರವೇ ಕಾಫಿಯನ್ನೂ ಬಿಟ್ಟರೆ ಎರಡರ ತಲೆನೋವು ಕಲಸುತ್ತದೆ. ಮೊದಲು ಕಾಫಿಯನ್ನು ಬೆಳಗಿನ ಎರಡು ಲೋಟಕ್ಕೆ ತಂದು, ಅದು ರೂಢಿಯಾದ ಮೇಲೆ ಮಾತ್ರೆಗೆ ಕೈ ಹಾಕಿ. ಮಳೆಗೆಂದು ಬ್ರಾಂದಿ ಮಾತ್ರ ಪೂರ್ತಿ ಬೇಡ; ಅದೂ ಗ್ಯಾಬಾ ಮೇಲೇ ಕೆಲಸ ಮಾಡುತ್ತದೆ, ಮಾತ್ರೆಯ ಜೊತೆ ಸೇರಿದರೆ ಉಸಿರಿಗೇ ಅಪಾಯ.

ಕೊಯ್ಲಿನ ಗಡಿಬಿಡಿಯಲ್ಲಿ ಇಳಿಕೆ ಶುರುಮಾಡಬೇಡಿ. ಆ ತಿಂಗಳುಗಳಲ್ಲಿ ಡೋಸ್ ನಿಂತಲ್ಲೇ ನಿಲ್ಲಲಿ. ಜ್ವರಕ್ಕೋ ಹಲ್ಲಿಗೋ ಬೇರೆ ವೈದ್ಯರ ಬಳಿ ಹೋದಾಗ ಮಾತ್ರೆ ಇಳಿಸುತ್ತಿರುವ ವಿಷಯ ಹೇಳಿ: ಆಂಟಿಬಯಾಟಿಕ್ ಕ್ಲಾರಿಥ್ರೊಮೈಸಿನ್, ಶಿಲೀಂಧ್ರದ ಸೋಂಕಿಗೆ ಕೊಡುವ ಕೀಟೊಕೊನಜೋಲ್‌ನಂಥವು ಆಲ್‌ಪ್ರಜೋಲಾಮ್‌ನ ಮಟ್ಟ ಏರಿಸುತ್ತವೆ, ಕೋರ್ಸ್ ಮುಗಿದಾಗ ಅದು ಮತ್ತೆ ಜಾರುತ್ತದೆ. ಉಳಿದ ಮಾತ್ರೆಗಳನ್ನು ನೆಂಟರಿಗೆ ಕೊಡಬೇಡಿ. ಸೊನ್ನೆಗೆ ಬಂದ ಮೇಲೂ ಕೆಲವು ತಿಂಗಳು ನಿದ್ದೆ ಏರುಪೇರಾಗಬಹುದು, ಆದ್ದರಿಂದ ವೈದ್ಯರ ಭೇಟಿಯನ್ನು ಮಾತ್ರೆಯ ಜೊತೆಗೇ ನಿಲ್ಲಿಸದೆ ಮುಂದಿನ ತಾರೀಕು ಬರೆಸಿಕೊಂಡೇ ಬನ್ನಿ.