ಬಣ್ಣದ ಡಬ್ಬ ಆಮೇಲೆ, ಮೊದಲು ನೀರಿನ ದಾರಿ ಹುಡುಕಿ

ಹಳೆ ಮನೆ ಕೈಗೆ ಬಂದ ಕೂಡಲೇ ನಮಗೆಲ್ಲ ಮೊದಲು ಹೊಳೆಯುವುದು ಬಣ್ಣ. ನಾನೂ ಅಲ್ಲಿಂದಲೇ ಶುರು ಮಾಡಿದ್ದೆ. ಮಲಗುವ ಕೋಣೆಯ ಗೋಡೆ ಕೆರೆಸಿ, ಪುಟ್ಟಿ ಹಚ್ಚಿಸಿ, ಎರಡು ಕೋಟ್ ಬಣ್ಣ ಬಳಿಸಿದೆ. ಒಂದಷ್ಟು ದಿನ ಕೋಣೆ ಕಣ್ಣಿಗೆ ಹಬ್ಬವಾಗಿತ್ತು. ಒಂದು ಜೋರು ಮಳೆ ಬಂದು ಹೋಯಿತು ನೋಡಿ, ಎರಡೇ ವಾರದಲ್ಲಿ ಕಿಟಕಿಯ ಮಗ್ಗುಲಲ್ಲಿ ಬಣ್ಣ ಗುಳ್ಳೆ ಎದ್ದಿತು. ಬೆರಳಿನಿಂದ ಒತ್ತಿದರೆ ಸಿಪ್ಪೆ ಕಳಚಿ, ಒಳಗಿಂದ ಬಿಳಿ ಪುಡಿ ಉದುರಿತು. ಬಣ್ಣದ ತಪ್ಪೇನೂ ಇರಲಿಲ್ಲ. ಕಿಟಕಿಯ ಸಜ್ಜೆಯ ಮೇಲೆ ನಿಂತ ನೀರು ಗೋಡೆಯೊಳಗೆ ಇಳಿಯುತ್ತಿತ್ತು. ಅದನ್ನು ನೋಡದೆ ನಾನು ಮೇಲಿಂದ ಮುಚ್ಚಿದ್ದೆ.

ಹಳೆ ಮನೆಯ ಕೆಲಸಕ್ಕೆ ಒಂದು ಕ್ರಮ ಇದೆ. ಮೊದಲು ನೀರು, ಆಮೇಲೆ ಕಟ್ಟಡದ ಬಲ, ಆಮೇಲೆ ಗೋಡೆಯೊಳಗಿನ ವೈರು-ಪೈಪು. ಗಿಲಾವು, ನೆಲ, ಬಣ್ಣ ಎಲ್ಲ ಅದರ ನಂತರ. ಕ್ರಮ ತಪ್ಪಿದರೆ ಹೊಸದಾಗಿ ಮಾಡಿದ್ದನ್ನೇ ಒಡೆಯಬೇಕಾಗುತ್ತದೆ.

ಸುತ್ತಿಗೆ ಎತ್ತುವ ಮೊದಲು

ಸಾಧ್ಯವಾದರೆ ಕೆಲವು ದಿನ ಆ ಮನೆಯಲ್ಲಿ ಸುಮ್ನೆ ಓಡಾಡಿ. ಬೆಳಗ್ಗೆ ಬಿಸಿಲು ಯಾವ ಕೋಣೆಗೆ ಬರುತ್ತದೆ, ಸಂಜೆ ಯಾವ ಗೋಡೆ ಕಾಯುತ್ತದೆ, ಗಾಳಿ ಎಲ್ಲಿ ಆಡುತ್ತದೆ, ಯಾವ ಬಾಗಿಲು ನೆಲಕ್ಕೆ ಉಜ್ಜುತ್ತದೆ, ಎಲ್ಲ ಬರೆದಿಟ್ಟುಕೊಳ್ಳಿ. ಮಳೆ ಸುರಿಯುವಾಗ ಒಮ್ಮೆ ಟಾರ್ಚ್ ಹಿಡಿದು ಪ್ರತಿ ಕೋಣೆಯ ಚಾವಣಿ ನೋಡಿ. ಹತ್ತು ಒಣ ದಿನಗಳಲ್ಲಿ ಗೊತ್ತಾಗದ್ದು ಆ ಒಂದು ಗಂಟೆಯಲ್ಲಿ ಗೊತ್ತಾಗುತ್ತದೆ.

ಮರದ ಬಾಗಿಲು, ತೊಲೆ, ಜಂತೆಗಳನ್ನು ಸ್ಕ್ರೂಡ್ರೈವರ್ ಹಿಡಿಯಿಂದ ತಟ್ಟಿ ನೋಡಿ. ಗಟ್ಟಿ ಮರ ಗಟ್ಟಿಯಾಗಿ ಸದ್ದು ಮಾಡುತ್ತದೆ. ಗೆದ್ದಲು ತಿಂದ ಮರ ಟೊಳ್ಳು ಟೊಳ್ಳಾಗಿ ಕೇಳುತ್ತದೆ. ಗೋಡೆಯ ಮೇಲೆ ಪೆನ್ಸಿಲ್ ದಪ್ಪದ ಮಣ್ಣಿನ ಗೆರೆ ಹತ್ತಿದ್ದರೆ ಅದು ಗೆದ್ದಲಿನ ದಾರಿ.

ತೇವ ಬರುವುದು ಮೂರು ಕಡೆಯಿಂದ

ಲೇಖನದಲ್ಲಿ ಇದೊಂದು ಭಾಗವನ್ನು ದಯವಿಟ್ಟು ಎರಡು ಸಲ ಓದಿ. ತೇವ ಎಲ್ಲಿಂದ ಬರುತ್ತಿದೆ ಎಂದು ತಿಳಿಯದೆ ಮದ್ದು ಹಚ್ಚಿದರೆ ದುಡ್ಡು ನೀರಿಗೆ ಹಾಕಿದ ಹಾಗೆ.

ಒಂದು, ಮೇಲಿನಿಂದ. ತಾರಸಿಯ ಬಿರುಕು, ಕಟ್ಟಿಕೊಂಡ ಮಳೆನೀರಿನ ಕೊಳವೆ, ಒಡೆದ ಹೆಂಚು, ಸಜ್ಜೆಯ ಸಂದು. ಕಲೆ ಕಾಣುವ ಜಾಗವೂ ನೀರು ಒಳಗೆ ಬರುವ ಜಾಗವೂ ಒಂದೇ ಆಗಿರಬೇಕಿಲ್ಲ. ನೀರು ತೊಲೆ ಹಿಡಿದು ದೂರ ಹರಿದು, ಇನ್ನೆಲ್ಲೋ ತೊಟ್ಟಿಕ್ಕುತ್ತದೆ.

ಎರಡು, ಕೆಳಗಿನಿಂದ. ನೆಲದ ತೇವವನ್ನು ಇಟ್ಟಿಗೆ ಬತ್ತಿಯ ಹಾಗೆ ಹೀರುತ್ತದೆ. ಇದು ಸಾಮಾನ್ಯವಾಗಿ ಮೂರ್ನಾಲ್ಕು ಅಡಿ ಎತ್ತರಕ್ಕೆ ನಿಲ್ಲುತ್ತದೆ. ನೀರು ಆರಿದ ಮೇಲೆ ಅದರಲ್ಲಿದ್ದ ಉಪ್ಪು ಬಿಳಿ ಪುಡಿಯಾಗಿ ಗೋಡೆಯ ಮೇಲೆ ಉಳಿಯುತ್ತದೆ. ಹೊರಗಿನ ಅಂಗಳದ ಮಣ್ಣು ಒಳಗಿನ ನೆಲಕ್ಕಿಂತ ಎತ್ತರವಾಗಿದೆಯೇ ನೋಡಿ. ಎಷ್ಟೋ ಸಲ ಆ ಮಣ್ಣು ತೆಗೆದು, ನೀರು ಮನೆಯಿಂದ ಆಚೆ ಹರಿಯುವ ಹಾಗೆ ಇಳಿಜಾರು ಮಾಡಿದರೇ ಅರ್ಧ ತೊಂದರೆ ಕಡಿಮೆಯಾಗುತ್ತದೆ.

ಮೂರು, ಮನೆಯೊಳಗಿನ ಗಾಳಿಯಿಂದ. ಸ್ನಾನ, ಅಡುಗೆಯ ಆವಿ ತಣ್ಣನೆ ಗೋಡೆಗೆ ತಾಗಿ ನೀರಾಗುತ್ತದೆ. ಬೀರುವಿನ ಹಿಂದೆ, ಮೂಲೆಗಳಲ್ಲಿ ಕಪ್ಪು ಬೂಷ್ಟು ಹಿಡಿಯಲು ಇದೇ ಕಾರಣ ಜಾಸ್ತಿ.

ಗುರುತು ಹಿಡಿಯಲು ಸುಲಭದ ದಾರಿ ಒಂದಿದೆ. ಒಂದಡಿ ಅಗಲದ ಪ್ಲಾಸ್ಟಿಕ್ ಹಾಳೆಯನ್ನು ಗೋಡೆಗೆ ಇಟ್ಟು ನಾಲ್ಕೂ ಬದಿ ಟೇಪ್ ಅಂಟಿಸಿ. ಎರಡು ದಿನ ಬಿಡಿ. ಹಾಳೆಯ ಹಿಂಬದಿಯಲ್ಲಿ ಹನಿ ಕಟ್ಟಿದರೆ ನೀರು ಗೋಡೆಯೊಳಗಿದೆ. ಮುಂಬದಿಯಲ್ಲಿ ಕಟ್ಟಿದರೆ ಕೋಣೆಯ ಗಾಳಿಯಲ್ಲಿದೆ. ಗಾಳಿಯದ್ದಾದರೆ ಗೋಡೆ ಒಡೆಯುವುದೇ ಬೇಡ, ಎಗ್ಸಾಸ್ಟ್ ಫ್ಯಾನ್ ಹಾಕಿ, ಕಿಟಕಿ ತೆರೆದಿಡಿ.

ಬಿರುಕು ನೋಡಿ ಹೆದರಬೇಡಿ, ಅಳೆಯಿರಿ

ಕೂದಲೆಳೆಯಂಥ, 1 ಮಿ.ಮೀ.ಗಿಂತ ಸಣ್ಣ ಬಿರುಕು ಹೆಚ್ಚಾಗಿ ಗಿಲಾವಿನದ್ದು. 5 ಮಿ.ಮೀ. ದಾಟಿದ್ದು, ಕಿಟಕಿಯ ಮೂಲೆಯಿಂದ ಓರೆಯಾಗಿ ಹೊರಟಿದ್ದು, ಇಟ್ಟಿಗೆ ಸಂದಿನಲ್ಲಿ ಮೆಟ್ಟಿಲಿನ ಹಾಗೆ ಹತ್ತಿದ್ದು ಕಂಡರೆ ಸ್ಟ್ರಕ್ಚರಲ್ ಎಂಜಿನಿಯರ್ ಬಂದು ನೋಡಲೇಬೇಕು. ಬಿರುಕಿನ ಎರಡು ತುದಿಗೆ ಪೆನ್ಸಿಲ್ ಗೆರೆ ಎಳೆದು ತಾರೀಖು ಬರೆಯಿರಿ. ತಿಂಗಳಿಗೊಮ್ಮೆ ನೋಡಿ. ಗೆರೆ ದಾಟಿ ಬೆಳೆದರೆ ಮನೆ ಇನ್ನೂ ಅಲುಗುತ್ತಿದೆ ಎಂದರ್ಥ.

ಚಾವಣಿಯ ಕಾಂಕ್ರೀಟ್ ಹೆಕ್ಕಳಿಕೆ ಎದ್ದು ಕಬ್ಬಿಣ ಕಾಣುತ್ತಿದೆಯೇ? ತುಕ್ಕು ಹಿಡಿದ ಕಬ್ಬಿಣ ಉಬ್ಬುತ್ತದೆ, ಉಬ್ಬಿ ಕಾಂಕ್ರೀಟನ್ನೇ ಸೀಳುತ್ತದೆ. ಅದರ ಮೇಲೆ ಸಿಮೆಂಟು ಮೆತ್ತಿದರೆ ಒಳಗೆ ತುಕ್ಕು ನಿಲ್ಲುವುದಿಲ್ಲ. ಸಡಿಲವಾದದ್ದನ್ನೆಲ್ಲ ಒಡೆದು, ತುಕ್ಕು ಉಜ್ಜಿ ತೆಗೆದು, ಕಂಬಿ ತೀರಾ ಸವೆದಿದ್ದರೆ ಹೊಸದು ಸೇರಿಸಿಯೇ ಮುಚ್ಚಬೇಕು.

ಹಾಲ್ ದೊಡ್ಡದು ಮಾಡುವ ಆಸೆಯಿಂದ ಯಾವ ಗೋಡೆಯನ್ನೂ ಎಂಜಿನಿಯರ್ ಕೇಳದೆ ತೆಗೆಸಬೇಡಿ. ತೆಳ್ಳಗಿನ ಗೋಡೆಯೂ ಮೇಲಿನ ಭಾರ ಹೊತ್ತಿರಬಹುದು.

ದುಡ್ಡಿನ ಲೆಕ್ಕ

ಅಂದಾಜು ಮೊತ್ತದ ಮೇಲೆ ನೂರಕ್ಕೆ 15ರಿಂದ 20ರಷ್ಟು ಬೇರೆ ತೆಗೆದಿಡಿ. ಹಳೆ ಗೋಡೆ ಒಡೆದಾಗ ಒಳಗಿಂದ ಏನಾದರೂ ಹೊರಬರುತ್ತಲೇ ಇರುತ್ತದೆ. ಕಟ್ಟಡದ ಅನುಮತಿ ಬೇಕೇ ಎಂಬುದನ್ನೂ ಮೊದಲೇ ವಿಚಾರಿಸಿ.

ಗೋಡೆಯೊಳಗಿನ ಕೆಲಸ

ಹಳೆ ವೈರಿಂಗನ್ನು ಉಳಿಸಿಕೊಳ್ಳುವ ಆಸೆ ಬೇಡ. ಅರ್ತಿಂಗ್ ಸರಿಯಾಗಿದೆಯೇ ನೋಡಿಸಿ, 30 ಮಿಲಿ ಆಂಪಿಯರ್‌ನಷ್ಟು ಕರೆಂಟ್ ಸೋರಿದರೂ ತಾನೇ ಕಡಿಯುವ ಸುರಕ್ಷಾ ಸ್ವಿಚ್ (ಆರ್‌ಸಿಸಿಬಿ) ಹಾಕಿಸಿ. ಮನುಷ್ಯನಿಗೆ ಶಾಕ್ ಹೊಡೆದಾಗ ಜೀವ ಉಳಿಸುವುದು ಅದೇ. ಹಳೆ ಕಬ್ಬಿಣದ ನೀರಿನ ಪೈಪು ಒಳಗಿಂದ ತುಕ್ಕು ಕಟ್ಟಿ ಕಿರಿದಾಗಿರುತ್ತದೆ, ಅದನ್ನೂ ಬದಲಿಸಿ. ಹೊಸ ಪೈಪಿಗೆ ಪ್ರೆಷರ್ ಹಾಕಿ ಪರೀಕ್ಷೆ ಮಾಡದೆ ಗೋಡೆ ಮುಚ್ಚಲು ಬಿಡಬೇಡಿ.

ಮುಚ್ಚುವ ಹಿಂದಿನ ದಿನ ಒಂದು ಕೆಲಸ ಮಾಡಿ. ಅಳತೆ ಟೇಪನ್ನು ಗೋಡೆಗೆ ಹಿಡಿದು, ನೆಲದಿಂದ ಎಷ್ಟು, ಮೂಲೆಯಿಂದ ಎಷ್ಟು ಎಂಬುದು ಕಾಣುವ ಹಾಗೆ ಪ್ರತಿ ಗೋಡೆಯ ಫೋಟೊ ತೆಗೆದಿಡಿ. ಮುಂದೆ ಗೋಡೆಗೆ ಮೊಳೆ ಹೊಡೆಯುವಾಗ ಅದರ ಬೆಲೆ ಗೊತ್ತಾಗುತ್ತದೆ.

ಸುಣ್ಣದ ಗೋಡೆಗೆ ಸುಣ್ಣವೇ

ಪೋರ್ಟ್‌ಲ್ಯಾಂಡ್ ಸಿಮೆಂಟಿಗೆ, ಅಂದರೆ ನಾವೀಗ ಬಳಸುವ ಮಾಮೂಲಿ ಸಿಮೆಂಟಿಗೆ, ಪೇಟೆಂಟ್ ಸಿಕ್ಕಿದ್ದು 1824ರಲ್ಲಿ. ಅದು ಎಲ್ಲ ಕಡೆ ಬಳಕೆಗೆ ಬರುವ ತನಕ ಗೋಡೆಗಳಿಗೆ ಸುಣ್ಣದ ಗಾರೆ ಅಥವಾ ಮಣ್ಣೇ ಗತಿ. ಅಂಥ ಗೋಡೆ ಉಸಿರಾಡುತ್ತದೆ. ಒಳಗೆ ಬಂದ ತೇವ ನಿಧಾನವಾಗಿ ಹೊರಗೆ ಆರಿ ಹೋಗುತ್ತದೆ. ಅದರ ಮೇಲೆ ಗಟ್ಟಿ ಸಿಮೆಂಟ್ ಗಿಲಾವು ಮಾಡಿದರೆ ತೇವಕ್ಕೆ ದಾರಿ ಮುಚ್ಚಿದ ಹಾಗೆ. ಅದು ಒಳಗೇ ನಿಂತು, ಸಿಮೆಂಟಿನ ಪದರವನ್ನೇ ಹಾಳೆ ಹಾಳೆಯಾಗಿ ಕಳಚಿ ಬೀಳಿಸುತ್ತದೆ. ಬೇಗ ಮುಗಿಯಲಿ ಎಂದು ಬಹಳಷ್ಟು ಮಂದಿ ಸಿಮೆಂಟೇ ಸಾಕು ಎನ್ನುತ್ತಾರೆ. ನನ್ನ ಮಾತು ಕೇಳಿ, ಸುಣ್ಣದ ಕೆಲಸ ಗೊತ್ತಿರುವ ಮೇಸ್ತ್ರಿಯನ್ನು ಹುಡುಕಿ, ತಿಂಗಳು ತಡವಾದರೂ ಪರವಾಗಿಲ್ಲ. ಆ ಗೋಡೆಗೆ ಪ್ಲಾಸ್ಟಿಕ್ ಬಣ್ಣವೂ ಬೇಡ, ಸುಣ್ಣದ ಬಣ್ಣ ಹೊಂದುತ್ತದೆ.

ಹೊಸ ಸಿಮೆಂಟ್ ಗಿಲಾವನ್ನು ಕಡಿಮೆ ಎಂದರೂ 7 ದಿನ ಒದ್ದೆಯಾಗಿಡಿ. ಬಣ್ಣ ಬಳಿಯಲು ಸುಮಾರು 28 ದಿನ ಕಾಯಿರಿ.

ಬಚ್ಚಲು, ನೆಲ, ಬಣ್ಣ

ಬಚ್ಚಲಿನ ನೆಲಕ್ಕೆ ವಾಟರ್‌ಪ್ರೂಫಿಂಗ್ ಆದ ಮೇಲೆ, ಟೈಲ್ ಹಾಕುವ ಮೊದಲು, ನೀರು ಹೋಗುವ ಬಾಯಿ ಮುಚ್ಚಿ ಎರಡು ಇಂಚು ನೀರು ನಿಲ್ಲಿಸಿ. 24 ಗಂಟೆಯ ನಂತರ ಕೆಳಗಿನ ಚಾವಣಿ, ಪಕ್ಕದ ಗೋಡೆ ಮುಟ್ಟಿ ನೋಡಿ. ಒಣಗಿದ್ದರೆ ಮಾತ್ರ ಮುಂದಿನ ಕೆಲಸ. ಟೈಲಿಗೆ ಮೀಟರಿಗೆ 1ರಿಂದ 2 ಸೆಂ.ಮೀ. ಇಳಿಜಾರು ಇರಲಿ.

ನೆಲ ಮುಗಿದ ಕೂಡಲೇ ದಪ್ಪ ರಟ್ಟು ಹಾಸಿ ಮುಚ್ಚಿಡಿ, ಇಲ್ಲದಿದ್ದರೆ ಏಣಿಯ ಕಾಲು ಗೀರುತ್ತದೆ. ತುಂಬಾ ಹಳೆಯ ಬಣ್ಣದಲ್ಲಿ ಸೀಸ ಇರಬಹುದು. ಅದನ್ನು ಒಣಗಿದ್ದಾಗ ಉಜ್ಜಬೇಡಿ, ಒದ್ದೆ ಮಾಡಿ ಕೆರೆಸಿ, ಆಗ ಮಕ್ಕಳು ಮನೆಯಲ್ಲಿ ಇರುವುದು ಬೇಡ.

ಈಗ ಬಣ್ಣ ಆರಿಸಿ. ಚಿಕ್ಕ ಕಾರ್ಡು ನೋಡಿ ನಿರ್ಧರಿಸಬೇಡಿ. ದೊಡ್ಡ ರಟ್ಟಿಗೆ ಬಳಿದು ಗೋಡೆಗೆ ಒರಗಿಸಿ, ಬೆಳಗಿನ ಬೆಳಕಿನಲ್ಲಿ ಒಮ್ಮೆ, ರಾತ್ರಿ ದೀಪದಲ್ಲಿ ಒಮ್ಮೆ ನೋಡಿ. ನನ್ನ ಕೋಣೆಗೆ ಮೊದಲಿನ ಬಣ್ಣವನ್ನೇ ಮತ್ತೆ ಬಳಿಸಿದೆ, ಸಜ್ಜೆ ಸರಿ ಮಾಡಿಸಿದ ಮೇಲೆ. ಉಳಿದ ಬಣ್ಣದ ಡಬ್ಬವನ್ನು ಎಸೆಯಬೇಡಿ. ಮುಚ್ಚಳದ ಮೇಲೆ ಕೋಣೆಯ ಹೆಸರು, ಬಣ್ಣದ ನಂಬರು, ತಾರೀಖು ಬರೆದು ಒಂದು ಕಡೆ ಇಟ್ಟುಬಿಡಿ.